ಕಂಕುಳಲ್ಲೊಂದು ಟವೆಲ್

ಪ್ರೀತಿಯ ಪುಟ್ಟಿ,

ನಿನ್ನೆ ಹತ್ತು ನಿಮಿಷ ಪಂದ್ಯದ ಸುದ್ದಿ ಹೇಳಿ, ಫೋನ್ ಇಡುವ ಮುನ್ನ ‘ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಭುಜ ಚುಳ್ಳೆನ್ನುತ್ತದೆ, ಏನಿಲ್ಲ ಬಿಡಪ್ಪ’ ಎಂದೆಯಲ್ಲ, ನನ್ನ ತಲೆಯಲ್ಲಿ ಉಳಿದದ್ದು ಆ ಮಾತೊಂದೇ. ಏನಿಲ್ಲ ಬಿಡಿ ಎಂದು ನಾನೂ ಎರಡು ವರ್ಷ ಹೇಳಿಕೊಂಡು ತಿರುಗಿದವನು. ಆಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಎಡಗೈಯೇ ಗತಿಯಾಯಿತು.

ನಾನು ಟೇಬಲ್ ಟೆನಿಸ್ ಕಲಿತದ್ದು 38 ಮಿಲಿಮೀಟರ್ ಚೆಂಡಿನಲ್ಲಿ. 2000ದಲ್ಲಿ ಅದು 40ಕ್ಕೆ ಹಿಗ್ಗಿತು, ವೇಗ ತಗ್ಗಿತು. ತಗ್ಗಿದ ವೇಗವನ್ನು ತೋಳಿನಿಂದ ತುಂಬಿಕೊಡಲು ಹೊರಟೆ. ಚೆಂಡಿನ ತೂಕ 2.7 ಗ್ರಾಂ! ಅಷ್ಟನ್ನು ಹೊಡೆಯಲು ಹೆಗಲು ಕೆಡಿಸಿಕೊಂಡವನು ಎಂದು ನಿನ್ನ ಅಮ್ಮ ಇವತ್ತಿಗೂ ನಗುತ್ತಾಳೆ.

ದಸರೆಯಲ್ಲಿ ನೀನು ಕಳಿಸಿದ್ದ ವಿಡಿಯೊ ಮತ್ತೆ ನೋಡಿದೆ. ಎದುರಾಳಿ ಚೆಂಡನ್ನು ಹಿಮ್ಮುಖವಾಗಿ ತಿರುಗಿಸಿ ಬ್ಯಾಕ್‌ಸ್ಪಿನ್ ಕೊಟ್ಟಾಗಲೆಲ್ಲ ನಿನ್ನ ಬಲಗೈ ಬೆನ್ನಿನ ಹಿಂದಕ್ಕೆ ಹೋಗಿ ನೆಟ್ಟಗಾಗುತ್ತದೆ. ಅಲ್ಲಿಂದ ಬಾವಿಯಿಂದ ಕೊಡ ಎಳೆದಂತೆ ಭುಜದ ಬಲದಿಂದಲೇ ಚೆಂಡನ್ನು ಎತ್ತುತ್ತೀಯ. ಕೊನೆಯಲ್ಲಿ ಮೊಣಕೈ ಕಿವಿಯ ಮಟ್ಟಕ್ಕೆ ಏರುತ್ತದೆ. ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ನಾಲ್ಕು ಸ್ನಾಯುಗಳಿವೆ. ಅವುಗಳಲ್ಲಿ ಒಂದರ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೂಳೆಯ ಮಾಡಿನ ಕೆಳಗೆ ಇಕ್ಕಟ್ಟಿನಲ್ಲಿ ಹಾಯುತ್ತದೆ. ಮೊಣಕೈ ಮೇಲೆದ್ದು ತೋಳು ಒಳಕ್ಕೆ ತಿರುಗಿದಾಗ ಆ ಜಾಗ ಇನ್ನೂ ಕಿರಿದಾಗುತ್ತದೆ. ದಿನಕ್ಕೆ ಮುನ್ನೂರು ಸಲ ಹಾಗೆ ಉಜ್ಜಿದರೆ ಉರಿಯದೆ ಇನ್ನೇನಾದೀತು?

ಬ್ಯಾಟನ್ನು ಹಿಂದಕ್ಕೆ ಒಯ್ಯುವ ಕೆಲಸ ಸೊಂಟದ್ದು. ಬಲಗಾಲಿನ ಮೇಲೆ ಭಾರ ಹಾಕಿ ಸೊಂಟ ತಿರುಗಿಸು, ಬ್ಯಾಟ್ ತಾನಾಗಿ ಹಿಂದೆ ಹೋಗುತ್ತದೆ. ಮೊಣಕೈ ಮಾತ್ರ ಬೆನ್ನಿನ ಗೆರೆ ದಾಟಬಾರದು. ಬ್ಯಾಟ್ ಕಣ್ಣಂಚಿಗೆ ಕಾಣುತ್ತಲೇ ಇರಬೇಕು. ಚೆಂಡಿನ ಕೆಳಗೆ ಹೋಗಬೇಕೆಂದರೆ ಭುಜ ಇಳಿಸಬೇಡ, ಮಂಡಿ ಬಗ್ಗಿಸು. ಹೊಡೆತ ಹಣೆಯ ಮುಂದೆ ಮುಗಿಯಲಿ. ದೂರದ ಚೆಂಡಿಗೆ ಕೈ ಚಾಚುವ ನಿನ್ನ ಸೋಮಾರಿತನ ನನಗೆ ಗೊತ್ತು, ಅದು ನನ್ನಿಂದಲೇ ಬಂದದ್ದು. ಒಂದು ಹೆಜ್ಜೆ ಇಡು. ಬ್ಯಾಕ್‌ಹ್ಯಾಂಡ್ ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡ.

ಇದನ್ನು ಮೈಗೆ ಹತ್ತಿಸಲು ಒಂದು ಹಳೆಯ ಉಪಾಯವಿದೆ. ಸಣ್ಣ ಟವೆಲನ್ನು ಮಡಿಸಿ ಬಲ ಕಂಕುಳಲ್ಲಿ ಇಟ್ಟುಕೊಂಡು, ಕನ್ನಡಿಯ ಮುಂದೆ ಚೆಂಡಿಲ್ಲದೆ ನಿಧಾನವಾಗಿ ಬ್ಯಾಟ್ ಬೀಸು. ತೋಳು ಮೈಯಿಂದ ಸಿಡಿದ ಕ್ಷಣವೇ ಟವೆಲ್ ಬೀಳುತ್ತದೆ. ಮೊದಲ ದಿನ ನನ್ನದು ಹತ್ತಕ್ಕೆ ಒಂಬತ್ತು ಸಲ ಬಿದ್ದಿತ್ತು, ನೀನಾಗ ಮಂಚದ ಮೇಲೆ ಕುಳಿತು ಎಣಿಸುತ್ತಿದ್ದೆ. ಇದು ಅಭ್ಯಾಸಕ್ಕೆ ಮಾತ್ರ. ಮೇಜಿನ ಮುಂದೆ ಪಕ್ಕೆಗೂ ಮೊಣಕೈಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಇರಲಿ, ಹಿಡಿ ಸಡಿಲವಾಗಿರಲಿ. ಹಿಡಿ ಬಿಗಿಯಾದರೆ ಮುಂಗೈ ಮೂಲಕ ಆ ಬಿಗಿತ ಭುಜಕ್ಕೇ ಏರುತ್ತದೆ.

ಆದರೆ ಇದೆಲ್ಲ ನೋವು ಇಳಿದ ಮೇಲೆ. ಸದ್ಯ ಚೆಂಡನ್ನು ಮುಮ್ಮುಖವಾಗಿ ತಿರುಗಿಸಿ ಎತ್ತುವ ಟಾಪ್‌ಸ್ಪಿನ್, ಬಲವಾಗಿ ಬಡಿಯುವ ಸ್ಮ್ಯಾಶ್ ಎರಡನ್ನೂ ನಿಲ್ಲಿಸು; ಕೋಚ್‌ಗೆ ಹೇಳಲು ನಾಚಿಕೆ ಬೇಡ. ಆ ಮಗ್ಗುಲಾಗಿ ಮಲಗಿದಾಗ ನಿದ್ದೆಗೆಡಿಸುವಷ್ಟು ನೋವಿದ್ದರೆ ನಾಳೆಯೇ ಫಿಸಿಯೊಥೆರಪಿಸ್ಟ್ ಬಳಿ ಹೋಗು. ಮಾತ್ರೆ ನುಂಗಿ ಪಂದ್ಯ ಆಡುವ ಘನಕಾರ್ಯವನ್ನು ಮನೆಯಲ್ಲಿ ಈಗಾಗಲೇ ಒಬ್ಬರು ಮಾಡಿ ಮುಗಿಸಿದ್ದಾರೆ.

ಹೊಸ ಹೊಡೆತಕ್ಕೆ ಇಳಿದಾಗ ಕೆಲವು ವಾರ ಚೆಂಡು ನೆಟ್‌ಗೇ ಬೀಳುತ್ತದೆ. ನಿನ್ನಿಂದ ಸದಾ ಸೋಲುವ ನಿನ್ನ ರೂಮಿನ ಹುಡುಗಿಯೂ 11–4ರಲ್ಲಿ ಸೋಲಿಸಬಹುದು. ಸೋತು ಬಾ. ಅಂದು ನನಗೆ ಫೋನ್ ಮಾಡು, ಬೈದುಕೊಳ್ಳೋಣ.

ಶನಿವಾರ ಅಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ. ಡಬ್ಬಿಗೆ ಸುತ್ತಿರುವ ನೀಲಿ ಟವೆಲ್ ನನ್ನದು, ಅಂಚು ಹರಿದಿದೆ. ಒಗೆದೇ ಕಳಿಸಿದ್ದೇನೆ.

ನಿನ್ನ
ಅಪ್ಪ