ಕೆನ್ನೆ ನೋವೆಲ್ಲ ಹಲ್ಲುನೋವಲ್ಲ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಹಲ್ಲುನೋವಿನ ಬಗ್ಗೆ ಬಂದದ್ದು ಓದಿದೆ, ಒಳ್ಳೇದಿತ್ತು, ಆದ್ರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾದ, ಅಂದ್ರೆ ಮುಖದ ಸ್ಪರ್ಶದ ನರದಿಂದ ಬರುವ ವಿಪರೀತ ನೋವಿನ ಸುದ್ದಿಯೇ ಇಲ್ಲ, ಹಾಗಾಗಿ ಬರೀತಿದ್ದೇನೆ.

ನಮ್ಮ ದೊಡ್ಡಮ್ಮನಿಗೆ ಆದದ್ದು ಅದೇ. ಮುಖಕ್ಕೆ ನೀರು ಹಾಕಿದ್ರೆ, ಬೈಕಲ್ಲಿ ಹಿಂದೆ ಕೂತಾಗ ಗಾಳಿ ತಾಗಿದ್ರೆ ಸಾಕು, ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ಆಗಿ ಅಲ್ಲೇ ಕಣ್ಣುಮುಚ್ಚಿ ನಿಂತುಬಿಡ್ತಿದ್ರು, ಅರ್ಧ ನಿಮಿಷ ಕಳೆದ್ರೆ ಎಂತದೂ ಇಲ್ಲ, ಮನೆಯಲ್ಲಿ ಕೆಲವರು ಇದು ನಾಟಕ ಅಂತಲೂ ಹೇಳಿದ್ರು. ಒಂದು ಕ್ಲಿನಿಕ್ಕಲ್ಲಿ ದವಡೆ ಹಲ್ಲು ಕಿತ್ರು, ನೋವು ಹೋಗ್ಲಿಲ್ಲ, ಪಕ್ಕದ್ದನ್ನೂ ಕಿತ್ರು! ಕಡೆಗೆ ಮಂಗಳೂರಿಗೆ ಹೋಗಿ ನರದ ಡಾಕ್ಟ್ರಿಗೆ ತೋರಿಸಿದ ಮೇಲೆ ವಿಷಯ ಗೊತ್ತಾದದ್ದು.

ಮುಖದ ಸ್ಪರ್ಶ, ನೋವು ಎಲ್ಲ ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಅಂತ ಹೇಳುವ, ಮಿದುಳಿನಿಂದ ಹೊರಡುವ ಐದನೇ ನರ. ಹಣೆ-ಕಣ್ಣು, ಮೇಲ್ದವಡೆ, ಕೆಳದವಡೆ ಅಂತ ಮೂರು ಕವಲು, ಹಲ್ಲಿಗೆ ಹೋಗುವ ನರಗಳೂ ಇದರದ್ದೇ, ಹಾಗಾಗಿ ಡಾಕ್ಟ್ರಿಗೂ ತಪ್ಪುವುದುಂಟು. ಹೆಚ್ಚಿನವರಲ್ಲಿ ನರದ ಬುಡಕ್ಕೆ ರಕ್ತನಾಳ ಒತ್ತಿ ಹೊದಿಕೆ ಸವೆದಿರ್ತದೆ. ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಇದನ್ನು 1930ರ ದಶಕದಲ್ಲೇ ಹೇಳಿದ್ರು, ಆಮೇಲೆ 1960ರ ದಶಕದಲ್ಲಿ ಪೀಟರ್ ಜಾನೆಟ್ಟಾ ಮೈಕ್ರೋಸ್ಕೋಪ್ ಇಟ್ಟು ಆ ರಕ್ತನಾಳವನ್ನು ನರದಿಂದ ಬಿಡಿಸುವ ಆಪರೇಷನ್ ಶುರುಮಾಡಿದ್ರು. ಆದ್ರೆ ರಕ್ತನಾಳ ತಾಗಿದ ಎಲ್ಲರಿಗೂ ನೋವು ಬರುವುದಿಲ್ಲ, ಕೆಲವರಿಗೆ ತಾಗದೆಯೂ ಬರ್ತದೆ, ಅದ್ಯಾಕೆ ಅಂತ ಸಂಶೋಧನೆ ಈಗಲೂ ನಡೀತಾ ಉಂಟು.

ಇದಕ್ಕೆ ಮಾಮೂಲಿ ನೋವಿನ ಮಾತ್ರೆ ನಾಟುವುದಿಲ್ಲ. ಮೊದಲು ಕೊಡುವುದು ಕಾರ್ಬಮಜೆಪಿನ್, ಫಿಟ್ಸಿಗೆ ಕೊಡುವ ಮಾತ್ರೆಯೇ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಮೆಡಿಕಲಿನವರು ಮಲಯಾಳದಲ್ಲಿ "ಇದು ಫಿಟ್ಸಿನದ್ದು" ಅಂದದ್ದಷ್ಟೇ ದೊಡ್ಡಮ್ಮನಿಗೆ ಅರ್ಥ ಆದದ್ದು, ನನಗೆಲ್ಲಿ ಫಿಟ್ಸ್ ಅಂತ ಹೇಳಿ ಮಾತ್ರೆ ನಿಲ್ಲಿಸಿದ್ರು, ನೋವು ಪುನಃ ಬಂತು. ಈ ಮಾತ್ರೆ ತಗೊಳ್ಳುವಾಗ ಮೈಯಲ್ಲಿ ಗುಳ್ಳೆ ಎದ್ರೆ ತಕ್ಷಣ ಡಾಕ್ಟ್ರ ಹತ್ರ ಹೋಗ್ಬೇಕು, ರಕ್ತದಲ್ಲಿ ಸೋಡಿಯಂ ಕಡಿಮೆ ಆಗ್ತದಾ ಅಂತಲೂ ನೋಡ್ಬೇಕು, ಅದನ್ನೂ ಇಲ್ಲಿ ಯಾರೂ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿರ್ಲಿಲ್ಲ.

ಹಲ್ಲಿನ ಡಾಕ್ಟ್ರುಗಳ ಹತ್ರ ನನ್ನ ವಿನಂತಿ, ಎಕ್ಸ್‌ರೇಯಲ್ಲಿ ಹಲ್ಲು ಸರಿ ಕಂಡ್ರೆ ಕೀಳುವ ಮೊದಲು ಮುಟ್ಟಿದ್ರೆ, ಗಾಳಿ ತಾಗಿದ್ರೆ ನೋವು ಬರ್ತದಾ ಅಂತ ಒಂದು ಮಾತು ಕೇಳಿ ಮಾರಾಯ್ರೆ. ಪತ್ರಿಕೆಯವರು ಒಬ್ಬ ನರರೋಗ ತಜ್ಞರ ಹತ್ರ ಇದರ ಬಗ್ಗೆ ಬರೆಸಿ, ಮಾತ್ರೆಯ ವಿಷಯ ಸೇರಿಸಿ. ಇಲ್ಲಿ ಮಲಯಾಳ ಓದ್ಲಿಕ್ಕೆ ಬಾರದ ಹಿರಿಯರು ಸುಮಾರು ಜನ ಇದ್ದಾರೆ, ಅವರಿಗೆ ನಿಮ್ಮ ಪೇಪರೇ ಗತಿ.

- ಓರ್ವ ಓದುಗ, ಬದಿಯಡ್ಕ