ಸೂಜಿ ಚುಚ್ಚದ ಡಾಕ್ಟರ್

ಮತ್ಲಬ್, ಬಾಂಗ್ಲಾದೇಶ
ಶುಕ್ರವಾರ

ಅಮ್ಮನಿಗೆ ನಮಸ್ಕಾರ,

ಇಲ್ಲಿ ಶುಕ್ರವಾರವೇ ವಾರದ ರಜೆ. ಅದಕ್ಕೇ ಇವತ್ತು ಪುರುಸೊತ್ತು.

ಹೋದ ಸಲ ಫೋನಿನಲ್ಲಿ ಚಿಕ್ಕಮ್ಮ "ಸೂಜಿ ಚುಚ್ಚದ ಡಾಕ್ಟರ್ ಎಂಥ ಡಾಕ್ಟರೇ?" ಅಂತ ನಕ್ಕಳಲ್ಲ, ಜೊತೆಗೆ ನೀನೂ ನಕ್ಕೆ. ಆಗ ಉತ್ತರ ಹೊಳೆಯಲಿಲ್ಲ.

ನಾನು ಮಾಡುವುದು ಜನರ ಆರೋಗ್ಯದ ಬಗ್ಗೆ ಸಂಶೋಧನೆ. ನನ್ನ ಕೆಲಸ ಅಂದರೆ ಕೇಳುವುದು, ಬರೆದುಕೊಳ್ಳುವುದು. ನಮ್ಮೂರಿನ ಆಶಾ ಕಾರ್ಯಕರ್ತೆಯರ ಹಾಗೆ ಇಲ್ಲೂ ಹೆಂಗಸರೇ ಮನೆಮನೆಗೆ ಹೋಗುತ್ತಾರೆ. ನಾನು ನೋಟ್‌ಬುಕ್ ಹಿಡಿದು ಅವರ ಹಿಂದೆ. ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಮದುವೆಯಾಗಿ ಊರು ಬಿಟ್ಟರು, ಎಲ್ಲವನ್ನೂ ಇಲ್ಲಿ 1966ರಿಂದ ಬರೆದಿಡುತ್ತಿದ್ದಾರೆ.

ಇಲ್ಲಿನ ಆಸ್ಪತ್ರೆಯ ಕಾಲರಾ ವಾರ್ಡಿನ ಮಂಚದ ನಡುವೆ ಒಂದು ತೂತು, ಕೆಳಗೆ ಬಕೆಟ್. ಮೈಯಿಂದ ಎಷ್ಟು ನೀರು ಹೋಯಿತು ಅಂತ ಬಕೆಟ್ ನೋಡಿ ಅಷ್ಟು ಓಆರ್‌ಎಸ್ ಕುಡಿಸುತ್ತಾರೆ. ಮೊದಲ ದಿನ ನನಗೆ ಊಟ ಸೇರಲಿಲ್ಲ.

ನಿನಗೆ ಹೇಳಬೇಕಾದದ್ದು ಸೀರೆಯ ವಿಷಯ. ಹಳೆ ಕಾಟನ್ ಸೀರೆಯನ್ನು ನಾಲ್ಕೆಂಟು ಪದರ ಮಡಚಿ ಕೊಡದ ಬಾಯಿಗೆ ಹಿಡಿದು ನೀರು ಶೋಧಿಸಿದರೆ ಏನಾಗುತ್ತದೆ ಅಂತ ಇಲ್ಲಿನ 65 ಹಳ್ಳಿಗಳಲ್ಲಿ ನೋಡಿದ್ದರು. ಕಾಲರಾ 48% ಕಡಿಮೆಯಾಯಿತು! ರೋಗಾಣು ನೀರಿನ ಸಣ್ಣ ಹುಳಗಳಿಗೆ ಅಂಟಿಕೊಂಡಿರುತ್ತದೆ, ಹುಳ ಬಟ್ಟೆಯಲ್ಲಿ ಉಳಿಯುತ್ತದೆ. ಹೊಸ ಸೀರೆಗಿಂತ ಹಳೆಯದೇ ವಾಸಿ. ಒಗೆದು ಒಗೆದು ನೂಲು ಜುಂಗಾಗಿ ಕಿಂಡಿ ಕಿರಿದಾಗಿರುತ್ತದೆ. ಅಜ್ಜಿ ಬಾವಿ ನೀರಿಗೆ ಸೀರೆ ತುಂಡು ಕಟ್ಟುತ್ತಿದ್ದಳಲ್ಲ? ಒಂದೇ ಪದರ, ಇರಲಿ.

ಆದರೆ ಐದು ವರ್ಷ ಬಿಟ್ಟು ಹೋಗಿ ಕೇಳಿದರೆ, ಇನ್ನೂ ಶೋಧಿಸುತ್ತಿದ್ದವರು 31% ಮಾತ್ರ. ಖರ್ಚಿಲ್ಲ, ಕಷ್ಟವಿಲ್ಲ, ಆದರೂ ಯಾಕೆ ಬಿಟ್ಟರು? ಇಂಥ 'ಯಾಕೆ'ಗಳಿಗೇ ನನಗೆ ಸಂಬಳ.

ಹಾಗಂತ ನನಗೆ ಕೇಳುವುದಕ್ಕೆ ಬರುತ್ತದೆ ಅಂದುಕೊಳ್ಳಬೇಡ. ಮೊನ್ನೆ ಒಬ್ಬ ಅಜ್ಜಿಯ ಹತ್ತಿರ "ನೀರು ಕುದಿಸ್ತೀರಾ?" ಅಂತ ಕಾರ್ಯಕರ್ತೆಯ ಬಾಯಲ್ಲಿ ಕೇಳಿಸಿದೆ. "ಹೂಂ" ಅಂದರು. ಸಂತೋಷವಾಗಿ ಟಿಕ್ ಹಾಕಿದೆ. ಆಮೇಲೆ ಒಲೆ ಕಡೆ ನೋಡಿದರೆ ಎರಡೇ ಎರಡು ಸೌದೆ, ಒಂದಿಷ್ಟು ಒಣಗಿದ ಎಲೆ. ಅನ್ನ ಬೇಯುವುದಕ್ಕೇ ಸಾಲದು. ಮನೆಗೆ ಬಂದವಳ ಮನಸ್ಸು ನೋಯಿಸಬಾರದು ಅಂತ ಹೂಂ ಅಂದಿದ್ದಾರೆ, ಅಷ್ಟೇ. ರಾತ್ರಿ ಕೂತು ಆ ಪ್ರಶ್ನೆ ಹೊಡೆದುಹಾಕಿ "ಇವತ್ತಿನ ಸೌದೆ ಎಲ್ಲಿಂದ ತಂದಿರಿ?" ಅಂತ ಬರೆದೆ.

ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತದೆ. ಗ್ರಾಂಟ್ ಸಿಕ್ಕರೆ ಮುಂದಕ್ಕೆ, ಇಲ್ಲದಿದ್ದರೆ ಮತ್ತೆ ಅರ್ಜಿ ಬರೆಯುವ ಕಾಟ. ಪರ್ಮನೆಂಟ್ ಯಾವಾಗ ಅಂತ ಅಪ್ಪ ಕೇಳಿದರೆ ಮಾತು ತಿರುಗಿಸು.

ಸಂಡಿಗೆ ಒಣಹಾಕುವ ಆ ಹಸಿರಂಚಿನ ಹಳೆ ಸೀರೆ ಇದೆಯಲ್ಲ, ಅದನ್ನು ಸ್ಟೀಲ್ ಪಾತ್ರೆಯವನಿಗೆ ಕೊಟ್ಟುಬಿಡಬೇಡ. ಬಂದಾಗ ನನಗೆ ಬೇಕು.

ನಿನ್ನ ಮಗಳು