70 ಅಂದ್ರೆ ಕೊನೇ ಗಡುವಲ್ಲ

ಸಂಪಾದಕರೇ, ಭಾರತೀಯರ ಸರಾಸರಿ ಆಯಸ್ಸು 70 ಅಂತ ಪೇಪರ್‌ನಲ್ಲಿ ಓದಿ ನಮ್ಮಪ್ಪ ಕನ್ನಡಕ ತೆಗೆದಿಟ್ಟು "ನಂಗೀಗ 68, ಇನ್ನೆರಡು ವರ್ಷಕ್ಕೆ ಕಣ್ಣಿನ ಪೊರೆ ಆಪರೇಷನ್ ಯಾಕೋ" ಅಂದುಬಿಟ್ರು, ಕರುಳು ಚುರುಕ್ ಅಂತು. ಆ 70 ಈಗ ಹುಟ್ಟೋ ಮಗುವಿನ ಲೆಕ್ಕ, ಈಗಿನ ಸಾವಿನ ಪ್ರಮಾಣ ಹೀಗೇ ಇದ್ರೆ ಅಂತ ಹಾಕಿದ್ದು, ಅದ್ರಲ್ಲಿ ವರ್ಷ ತುಂಬೋ ಮೊದಲೇ ತೀರಿಕೊಳ್ಳೋ ಕೂಸುಗಳೂ ಸೇರಿರ್ತವೆ, ಅದಕ್ಕೇ ಸರಾಸರಿ ಕೆಳಗಿಳಿಯೋದು. 60 ಮುಟ್ಟಿದವರಿಗೆ ಇನ್ನೂ ಸರಾಸರಿ 18 ವರ್ಷದ ಹತ್ರ ಇರುತ್ತೆ. ಸ್ವಾತಂತ್ರ್ಯ ಬಂದಾಗ ಈ ಅಂಕಿ 32ರ ಆಸುಪಾಸು ಇತ್ತು, ಹಂಗಂತ ಆಗ ಎಲ್ರೂ 32ಕ್ಕೇ ಹೋಗ್ತಿದ್ರಾ? ನಮ್ಮ ಮುತ್ತಜ್ಜಿ 80 ದಾಟಿದ್ರು, ಆದ್ರೆ ಅವರು ಹೆತ್ತ ಒಂಬತ್ತರಲ್ಲಿ ಉಳಿದಿದ್ದು ನಾಲ್ಕೇ. ದಯವಿಟ್ಟು ಇಂಥ ಸುದ್ದಿ ಹಾಕುವಾಗ 'ಹುಟ್ಟಿದಾಗಿನ' ಅನ್ನೋ ಒಂದು ಪದ ಸೇರಿಸಿ ಸಾರ್, ಅಪ್ಪನ ಆಪರೇಷನ್‌ಗೆ ಡೇಟ್ ತಗೊಂಡಿದೀನಿ.

– ಓದುಗ, ತುಮಕೂರು